ಲೇಸರ್ ಆಯಿತು, ಹೆರಿಗೆ ಆಯಿತು, ಈಗ ದೊಡ್ಡವನ ಹಾರ್ಟ್ ದಪ್ಪ ಅಂತಾರೆ. ಟಿಟಿಟಿಎಸ್ ಅವಳಿಗಳ ಅಪ್ಪ ಅಮ್ಮಂದಿರು ಯಾರಾದರೂ ಇದ್ದೀರಾ?

ಹಾಸನದ_ಅವಳಿ_ಅಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು.

ನನಗೆ ಅವಳಿ ಗಂಡು ಮಕ್ಕಳು. 19ನೇ ವಾರದ ಸ್ಕ್ಯಾನಿನಲ್ಲಿ ಒಬ್ಬನ ಸುತ್ತ ನೀರು ವಿಪರೀತ, ಇನ್ನೊಬ್ಬನ ಸುತ್ತ ನೀರೇ ಇಲ್ಲ. ಇಬ್ಬರಿಗೂ ಒಂದೇ ಮಾಸು, ಅದರೊಳಗೆ ರಕ್ತನಾಳಗಳು ಕೂಡಿಕೊಂಡು ಒಬ್ಬನ ರಕ್ತ ಇನ್ನೊಬ್ಬನಿಗೆ ಹರಿದು ಹೋಗುತ್ತಿದೆ, ಇದಕ್ಕೆ ಟಿಟಿಟಿಎಸ್ ಅಂತಾರೆ ಅಂದರು. ಮೂರನೇ ದಿನವೇ ಬೆಂಗಳೂರಿನಲ್ಲಿ ಆ ನಾಳಗಳನ್ನು ಮುಚ್ಚುವ ಲೇಸರ್ ಮಾಡಿಸಿದೆವು. 30 ವಾರಕ್ಕೆ ನೀರು ಒಡೆದು ಸಿಸೇರಿಯನ್ ಆಯಿತು. ರಕ್ತ ಜಾಸ್ತಿ ಪಡೆದವನು 1350 ಗ್ರಾಂ, ಕಳೆದುಕೊಂಡವನು 1020. ಏಳು ವಾರ ಎನ್‌ಐಸಿಯು, ಅಂದರೆ ಎಳೆ ಮಕ್ಕಳ ಐಸಿಯು. ಮನೆಗೆ ಬಂದು ಈಗ 12 ದಿನ.

ಇಷ್ಟು ದಿನ ನಾವು ಹೆದರಿದ್ದೆಲ್ಲ ಚಿಕ್ಕವನಿಗೆ. ಅವನಿಗೆ ಪಿಡಿಎ ಇತ್ತು (ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಹತ್ತಿರದ ರಕ್ತನಾಳ ಮುಚ್ಚಿರಲಿಲ್ಲ), ಔಷಧಿ ಕೊಟ್ಟರು, ಈಗ ಸಣ್ಣದಾಗಿದೆಯಂತೆ. ಆದರೆ ಡಿಸ್ಚಾರ್ಜ್ ದಿನ ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟರ್ ದೊಡ್ಡವನ ಮುಂದೆ ಅರ್ಧ ಗಂಟೆ ಕೂತರು. ಹೃದಯದ ಗೋಡೆ ದಪ್ಪ ಇದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ಕವಾಟ ಕಿರಿದಾಗಿದೆ, ಗ್ರೇಡಿಯಂಟ್ (ಕವಾಟದ ಆಚೆ ಈಚೆಯ ಒತ್ತಡದ ವ್ಯತ್ಯಾಸ, ಜಾಸ್ತಿ ಇದ್ದಷ್ಟೂ ಕವಾಟ ಬಿಗಿ) 28, ತಿಂಗಳಿಗೊಮ್ಮೆ ಎಕೋ ಆಗಲೇಬೇಕು ಅಂದರು.

ಮನೆಯಲ್ಲಿ ಯಾರೂ ನಂಬುತ್ತಿಲ್ಲ. "ದುಂಡಗೆ ಇದ್ದಾನೆ, ಚೆನ್ನಾಗಿ ಹಾಲು ಕುಡಿಯುತ್ತಾನೆ, ಅವನಿಗೇನಾಗಿದೆ? ಸಣ್ಣವನನ್ನು ತೋರಿಸಿಕೊಂಡು ಬಂದರೆ ಸಾಕು" ಅಂತಾರೆ ಅತ್ತೆ. ಯಜಮಾನರಿಗೂ ಅದೇ ಸರಿ ಅನ್ನಿಸಿದೆ. ಇಬ್ಬರನ್ನೂ ಎತ್ತಿಕೊಂಡು ಪ್ರತಿ ತಿಂಗಳು ಬೆಂಗಳೂರಿಗೆ ಹೋಗಿ ಬರುವುದು ಸುಮ್ನೆ ಆಗುವ ಮಾತಲ್ಲ ನೋಡಿ. ಇದು ತಾನಾಗಿ ಸರಿ ಹೋಗುತ್ತಾ? ಒಂದೆರಡು ತಿಂಗಳು ಬಿಟ್ಟು ಹೋದರೆ ನಡೆಯುತ್ತಾ?

ಇನ್ನೊಂದು. ನಾನು ಐದನೇ ತಿಂಗಳವರೆಗೂ ಕೆಲಸಕ್ಕೆ ಹೋಗಿದ್ದೆ, ದಿನಾ ಬಸ್ಸಲ್ಲಿ ನಿಂತು. ಅದರಿಂದ ಆಯಿತಾ?

ಸುಮ್ನೆ_ಓದುಗ
ಅಯ್ಯೋ ತಾಯಿ. ಎರಡೂ ಕಂದಮ್ಮಗಳು ಚೆನ್ನಾಗಿರಲಿ.

ಬೆಣ್ಣೆದೋಸೆ_ಅಪ್ಪ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ, ಇಲ್ಲ, ಇಲ್ಲ. ಬಸ್ಸಿಗೂ ಮಾಸಿಗೂ ಸಂಬಂಧ ಇಲ್ಲ. ನನ್ನ ಹೆಂಡತಿ ಪೂರ್ತಿ ರಜೆ ಹಾಕಿ ಮಲಗಿಕೊಂಡೇ ಇದ್ದಳು. ನಮಗೂ ಆಯಿತು.

ಇನ್ನು ಎಕೋ ವಿಷಯ. ನಮ್ಮದೂ ಸೇಮ್ ಕಥೆ, ಆರು ವರ್ಷದ ಹಿಂದೆ, ಹೆಣ್ಣು ಮಕ್ಕಳು, 31 ವಾರ. ನಾವೂ ಚಿಕ್ಕವಳನ್ನೇ ನೋಡಿಕೊಂಡು ಕೂತಿದ್ದೆವು. ದೊಡ್ಡವಳ ಗ್ರೇಡಿಯಂಟ್ ಮೊದಲ ಸಲ 25. ಎರಡನೇ ತಿಂಗಳು 31. ಆಮೇಲೆ ಊರಲ್ಲಿ ಮದುವೆ, ಅದು ಇದು ಅಂತ ಎರಡು ಅಪಾಯಿಂಟ್‌ಮೆಂಟ್ ತಪ್ಪಿಸಿದೆ. ನಾನೇ ತಪ್ಪಿಸಿದ್ದು, ಬೇರೆ ಯಾರಲ್ಲ. ಮುಂದಿನ ಸಲ ಹೋದಾಗ 60ರ ಹತ್ತಿರ. ಮಗು ನೋಡಲು ಗುಂಡು ಗುಂಡಾಗಿದ್ದಳು, ನಗುತ್ತಿದ್ದಳು. ಡಾಕ್ಟರ್ ನಗಲಿಲ್ಲ.

ಏಳನೇ ತಿಂಗಳಲ್ಲಿ ಬಲೂನ್ ಹಾಕಿದರು. ತೊಡೆಯ ರಕ್ತನಾಳದಿಂದ ತೆಳ್ಳಗಿನ ಟ್ಯೂಬ್ ಬಿಟ್ಟು, ಕವಾಟದ ಹತ್ತಿರ ಬಲೂನ್ ಉಬ್ಬಿಸಿ ಅಗಲ ಮಾಡುತ್ತಾರೆ. ಎದೆ ಕೊಯ್ಯುವುದಿಲ್ಲ. ಮೂರನೇ ದಿನ ಮನೆಗೆ ಬಂದೆವು. ಈಗ ಒಂದನೇ ಕ್ಲಾಸು, ಓಟದಲ್ಲಿ ಚಿಕ್ಕವಳನ್ನು ಸೋಲಿಸುತ್ತಾಳೆ. ವರ್ಷಕ್ಕೊಂದು ಎಕೋ, ಅಷ್ಟೇ.

ದಯವಿಟ್ಟು ತಪ್ಪಿಸಬೇಡಿ.

ಅಜ್ಜಿಮದ್ದು
ಎಲ್ಲದಕ್ಕೂ ಎಕೋ, ಸ್ಕ್ಯಾನು. ಒಂದು ಮಗು ಇನ್ನೊಂದರ ಪಾಲು ತಿಂದಿದೆ, ಅಷ್ಟೇ ವಿಷಯ. ತಿಂದವನು ಗಟ್ಟಿ ಇರುತ್ತಾನೆ. ಬಡಕಲು ಮಗುವಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ, ಸ್ನಾನ ಆದಮೇಲೆ ಸಾಂಬ್ರಾಣಿ ಹೊಗೆ ಕೊಡಿ. ನಮ್ಮ ಅಜ್ಜಿ ಒಂಬತ್ತು ಹೆತ್ತಳು, ಒಂದು ಸ್ಕ್ಯಾನ್ ಇಲ್ಲ.

ಕುಡ್ಲದ_ಮೀನು
@ಅಜ್ಜಿಮದ್ದು ಒಂಬತ್ತರಲ್ಲಿ ಎಷ್ಟು ಉಳಿದವು?

ಅಜ್ಜಿಮದ್ದು
ಆರು.

ಕುಡ್ಲದ_ಮೀನು
ಹೂಂ.

ರಾತ್ರಿಪಾಳಿ
ನಾನು ಎನ್‌ಐಸಿಯು ನರ್ಸ್, 14 ವರ್ಷ ಆಯಿತು. ಜಗಳಕ್ಕೆ ಬಂದಿಲ್ಲ, ಆದರೆ ಎರಡು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಜೇನುತುಪ್ಪ ಒಂದು ವರ್ಷದ ಒಳಗೆ ಯಾವ ಮಗುವಿಗೂ ಬೇಡ. ಬಜೆ ಬೇಡ. ಸಾಂಬ್ರಾಣಿ ಹೊಗೆಯಂತೂ ತಿಂಗಳು ತುಂಬದ ಮಕ್ಕಳಿಗೆ ಬೇಡವೇ ಬೇಡ, ಅವುಗಳ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಹೊಗೆ ಹಾಕಿ ಉಸಿರು ಕಟ್ಟಿ ವಾಪಸ್ ಬಂದ ಮಕ್ಕಳನ್ನು ನೋಡಿದ್ದೇನೆ.

ಎರಡನೆಯದು, "ಪಾಲು ತಿಂದವನು ಗಟ್ಟಿ" ಅನ್ನುವ ಮಾತು. ಇದೇ ಮಾತಿಂದ ನಮ್ಮ ವಾರ್ಡಿನಲ್ಲಿ ಎಲ್ಲರೂ ಮೋಸ ಹೋಗುವುದು. ಟಿಟಿಟಿಎಸ್‌ನಲ್ಲಿ ಹೃದಯದ ಕಷ್ಟ ಜಾಸ್ತಿ ಇರುವುದೇ ರಕ್ತ ಪಡೆದವನಿಗೆ. ಯೋಚಿಸಿ ನೋಡಿ, ಹೊಟ್ಟೆಯೊಳಗೆ ಅವನ ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತ ಬರುತ್ತಲೇ ಇದೆ. ಹೆಚ್ಚಾದದ್ದನ್ನು ಹೊರಹಾಕಲು ಅವನು ಮೂತ್ರ ಮಾಡುತ್ತಲೇ ಇರುತ್ತಾನೆ, ಅದಕ್ಕೇ ಅವನ ಸುತ್ತ ನೀರು ತುಂಬುವುದು. ಹೃದಯಕ್ಕೆ ಬಿಡುವೇ ಇಲ್ಲ. ಅದರ ಮೇಲೆ ಇನ್ನೊಂದು ಕಾಟ. ರಕ್ತ ಕಳೆದುಕೊಂಡವನ ಕಿಡ್ನಿ "ನನಗೆ ರಕ್ತ ಸಾಲದು, ಬಿಪಿ ಏರಿಸಿ" ಅಂತ ಹಾರ್ಮೋನು ಬಿಡುತ್ತದಲ್ಲ, ರೆನಿನ್ ಅಂತ, ಅದರ ಪರಿಣಾಮವೂ ಅದೇ ನಾಳಗಳ ಮೂಲಕ ಇವನಿಗೆ ಹೋಗುತ್ತದೆ. ಬೇಡದವನಿಗೆ ಬಿಪಿ ಏರುತ್ತದೆ. ಮೂಟೆ ಹೊರುವ ಹಮಾಲಿಯ ತೋಳಿನ ಹಾಗೆ ಹೃದಯದ ಗೋಡೆ ದಪ್ಪ ಆಗುತ್ತದೆ. ತೋಳು ದಪ್ಪ ಆದರೆ ಒಳ್ಳೆಯದು. ಹೃದಯದ ಗೋಡೆ ದಪ್ಪ ಆದರೆ ಸರಿಯಾಗಿ ಹಿಗ್ಗಲ್ಲ, ಒಳಗೆ ಜಾಗ ಕಮ್ಮಿ. ಜಾಸ್ತಿ ಪೆಟ್ಟು ಬಲಗಡೆಗೆ. ಅಲ್ಲಿಂದ ಶ್ವಾಸಕೋಶದ ಕವಾಟದ ಕಡೆ ರಕ್ತ ಸರಿಯಾಗಿ ನುಗ್ಗದಿದ್ದರೆ ಆ ಕವಾಟ ಬೆಳೆಯುವುದಿಲ್ಲ. ನಿಮ್ಮ ದೊಡ್ಡವನಿಗೆ ಆಗಿರುವುದು ಇದೇ ಇರಬೇಕು.

ಚಿಕ್ಕವನ ಪಿಡಿಎ ಬೇರೆ ವಿಷಯ. ಅದು ಅವಳಿ ಆಗಿದ್ದಕ್ಕಲ್ಲ, ಬೇಗ ಹುಟ್ಟಿದ್ದಕ್ಕೆ. ಹೊಟ್ಟೆಯೊಳಗೆ ಎಲ್ಲ ಮಕ್ಕಳಿಗೂ ಆ ನಾಳ ತೆರೆದೇ ಇರುತ್ತದೆ. ತಿಂಗಳು ತುಂಬಿ ಹುಟ್ಟಿದರೆ ಎರಡು ಮೂರು ದಿನದಲ್ಲಿ ಮುಚ್ಚುತ್ತದೆ, ಬೇಗ ಹುಟ್ಟಿದವಕ್ಕೆ ಮುಚ್ಚಲು ತಡ.

ಹಾಸನದ_ಅವಳಿ_ಅಮ್ಮ
@ರಾತ್ರಿಪಾಳಿ ಸಿಸ್ಟರ್, ಇದನ್ನು ಜೋರಾಗಿ ಓದಿದೆ. ಅತ್ತೆ ಅಡುಗೆಮನೆಯಿಂದ ಕೇಳಿಸಿಕೊಂಡರು. ಏನೂ ಹೇಳಲಿಲ್ಲ, ಆದರೆ ಸಾಂಬ್ರಾಣಿ ಡಬ್ಬಿ ಮೇಲಿನ ಶೆಲ್ಫಿಗೆ ಹೋಯಿತು.

ರಾತ್ರಿಪಾಳಿ
ಗೆದ್ದಿರಿ ಹಾಗಾದರೆ.

ಗಣಿತ_ಮೇಷ್ಟ್ರು
ನನ್ನ ತಂಗಿಗೂ ಅವಳಿ ಅಂತ ಮೊನ್ನೆ ಗೊತ್ತಾಯಿತು, ಐವಿಎಫ್. ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯಿತು. ಅವಳಿ ಅಂದರೆ ಎಲ್ಲರಿಗೂ ಹೀಗೇ ಆಗುತ್ತಾ?

ಮ್ಯಾಂಚೆಸ್ಟರ್_ಮಳೆ
ಇಲ್ಲ ಸರ್. ಒಂದೇ ಮಾಸು ಹಂಚಿಕೊಂಡ ಅವಳಿಗಳಿಗೆ ಮಾತ್ರ, ಅವರಲ್ಲೂ ನೂರಕ್ಕೆ 10ರಿಂದ 15 ಜನರಿಗೆ. ಐವಿಎಫ್‌ನಲ್ಲಿ ಎರಡು ಭ್ರೂಣ ಇಟ್ಟು ಎರಡೂ ನಿಂತಿದ್ದರೆ ಸಾಮಾನ್ಯವಾಗಿ ಎರಡು ಮಾಸು ಇರುತ್ತದೆ. ಒಂದೇ ಭ್ರೂಣ ಇಟ್ಟು ಅದು ಎರಡಾಗಿದ್ದರೆ ಕೇಳಬೇಕು. ಮಾಸು ಒಂದೋ ಎರಡೋ ಅನ್ನುವುದು 11ರಿಂದ 14ನೇ ವಾರದ ಸ್ಕ್ಯಾನಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಆಮೇಲೆ ಹೇಳುವುದು ಕಷ್ಟ. ರಿಪೋರ್ಟಿನಲ್ಲಿ "ಮೋನೋಕೊರಿಯಾನಿಕ್", ಅಂದರೆ ಒಂದೇ ಮಾಸು, ಅಂತ ಇದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಆಗಬೇಕು. ತಿಂಗಳಿಗೊಮ್ಮೆ ಸಾಲದು, ಇದು ದಿನಗಳಲ್ಲಿ ಬದಲಾಗುವ ಕಾಯಿಲೆ.

ನಾನು ಇಲ್ಲಿ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಊರು ಸಾಗರ.

ಕುಡ್ಲದ_ಮೀನು
ಒಂದು ಗಂಡು ಒಂದು ಹೆಣ್ಣು ಆದರೆ ಮಾಸು ಎರಡೇ ಅಲ್ವಾ? ಹಾಗಾದರೆ ಚಿಂತೆಯೇ ಇಲ್ಲ.

ಮ್ಯಾಂಚೆಸ್ಟರ್_ಮಳೆ
ಹೌದು, ತೀರಾ ಅಪರೂಪ ಬಿಟ್ಟರೆ. ಇಲ್ಲಿ ಅದನ್ನೂ ಒಂದು ಸುಳಿವು ಅಂತ ಬಳಸುತ್ತೇವೆ. ಭಾರತದಲ್ಲಿ ಗಂಡೋ ಹೆಣ್ಣೋ ಹೇಳುವ ಹಾಗಿಲ್ಲ, 1994ರ ಕಾನೂನು. ಹಾಗಾಗಿ ಅಪ್ಪ ಅಮ್ಮಂದಿರಿಗೆ ಆ ಸಮಾಧಾನ ಸಿಗಲ್ಲ.

ಕುಡ್ಲದ_ಮೀನು
ಆ ಕಾನೂನು ಇರಲಿ ಬಿಡಿ. ನಮ್ಮಲ್ಲಿ ಅದು ಬೇಕು.

ದುಡ್ಡಿನ_ಲೆಕ್ಕ
ಲೇಸರ್ ಬೇಕಿತ್ತಾ ಅಂತ ನನ್ನ ಪ್ರಶ್ನೆ. ನಮ್ಮ ಸಂಬಂಧಿಕರಿಗೆ ಸೂಜಿ ಹಾಕಿ ನೀರು ತೆಗೆದರು, ಎರಡು ಮೂರು ಸಲ. ಖರ್ಚು ಕಮ್ಮಿ. ಆಸ್ಪತ್ರೆಯವರು ದೊಡ್ಡ ಮೊತ್ತ ಹೇಳಿ ಹೆದರಿಸುತ್ತಾರೆ.

ಮ್ಯಾಂಚೆಸ್ಟರ್_ಮಳೆ
ಇದನ್ನು ಊಹೆಯಿಂದ ಹೇಳುವ ಅಗತ್ಯವಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಯುರೋಪಿನಲ್ಲಿ 142 ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ಲೇಸರ್, ಉಳಿದವರಿಗೆ ಪದೇ ಪದೇ ನೀರು ತೆಗೆಯುವುದು. ಫಲಿತಾಂಶ ಬಂದಿದ್ದು 2004ರಲ್ಲಿ. ಕನಿಷ್ಠ ಒಂದು ಮಗುವಾದರೂ 28 ದಿನ ದಾಟಿದ್ದು ಲೇಸರ್ ಆದವರಲ್ಲಿ ನೂರಕ್ಕೆ 76, ನೀರು ತೆಗೆದವರಲ್ಲಿ 56. ವ್ಯತ್ಯಾಸ ಎಷ್ಟು ಸ್ಪಷ್ಟ ಇತ್ತೆಂದರೆ ಅರ್ಧಕ್ಕೇ ಪರೀಕ್ಷೆ ನಿಲ್ಲಿಸಿದರು. ನೀರು ತೆಗೆದರೆ ಹೊಟ್ಟೆ ಹಗುರ ಆಗುತ್ತದೆ, ರಕ್ತ ಹರಿಯುವುದು ನಿಲ್ಲುವುದಿಲ್ಲ. ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ. ಲೇಸರ್ ಆ ನಾಳಗಳನ್ನೇ ಸುಟ್ಟು ಮುಚ್ಚುತ್ತದೆ.

ದುಡ್ಡಿನ_ಲೆಕ್ಕ
76 ಅಂದರೂ ನೂರಲ್ಲವಲ್ಲ.

ಒಂಟಿ_ಅವಳಿ
ಅಲ್ಲ. ನಾನು ಉಳಿದ 24ರಲ್ಲೂ ಇಲ್ಲ, ಪೂರ್ತಿ 76ರಲ್ಲೂ ಇಲ್ಲ. ಲೇಸರ್ ಆಗಿ ನಾಲ್ಕನೇ ದಿನ ಒಬ್ಬನ ಎದೆಬಡಿತ ಕೇಳಿಸಲಿಲ್ಲ. ಇನ್ನೊಬ್ಬನಿಗೆ ಈಗ ಮೂರು ವರ್ಷ. ನಾನು ಇಬ್ಬರಿಗೂ ಹೆಸರು ಇಟ್ಟಿದ್ದೇನೆ. ದುಡ್ಡಿನ ಲೆಕ್ಕ ನೀವು ಹಾಕಿ, ನಾನು ಬೇಡ ಅನ್ನಲ್ಲ, ನಮಗೂ ಸಾಲ ತೀರಿಲ್ಲ. ಆದರೆ ಸೂಜಿ ಹಾಕಿಸಿದ್ದರೆ ಇವನೂ ಇರುತ್ತಿರಲಿಲ್ಲವೇನೋ ಅಂತ ರಾತ್ರಿ ಯೋಚನೆ ಬರುತ್ತದೆ.

ದುಡ್ಡಿನ_ಲೆಕ್ಕ
ಕ್ಷಮಿಸಿ ಮೇಡಂ. ಗೊತ್ತಿಲ್ಲದೆ ಬರೆದೆ.

ಹಾಸನದ_ಅವಳಿ_ಅಮ್ಮ
@ಒಂಟಿ_ಅವಳಿ ಏನು ಬರೆಯಬೇಕೋ ತಿಳಿಯುತ್ತಿಲ್ಲ ಅಕ್ಕ. ನಿಮ್ಮ ಮಗನಿಗೆ ಹಾರ್ಟ್ ತೊಂದರೆ ಇತ್ತಾ?

ಒಂಟಿ_ಅವಳಿ
ಇತ್ತು. ಇವನೇ ರಕ್ತ ಪಡೆದವನು. ಲೇಸರ್‌ಗೆ ಮುಂಚೆ ಬಲಗಡೆ ಕವಾಟದಿಂದ ರಕ್ತ ಹಿಂದಕ್ಕೆ ಸೋರುತ್ತಿತ್ತು. ಆದಮೇಲೆ ಐದನೇ ವಾರಕ್ಕೆ ಸೋರುವುದು ಬಹುತೇಕ ನಿಂತಿತ್ತು. ಹುಟ್ಟಿದಾಗ ಗೋಡೆ ಸ್ವಲ್ಪ ದಪ್ಪ, ಎಂಟು ತಿಂಗಳಿಗೆ ನಾರ್ಮಲ್.

ಹಾಸನದ_ಅವಳಿ_ಅಮ್ಮ
ಒಂದು ಅನುಮಾನ. ನಮಗೆ ಲೇಸರ್ ಮಾಡುವಾಗ "ಸ್ಟೇಜ್ 2 ಅಷ್ಟೇ" ಅಂದಿದ್ದರು. ಹಾಗಿದ್ದರೂ ಹೃದಯಕ್ಕೆ ಯಾಕೆ ತಾಗಿತು?

ಮ್ಯಾಂಚೆಸ್ಟರ್_ಮಳೆ
ಒಳ್ಳೆಯ ಪ್ರಶ್ನೆ. ನಾವು ಬಳಸುವ ಸ್ಟೇಜ್ ಲೆಕ್ಕ 1999ರದು, ಕ್ವಿಂಟೆರೊ ಸ್ಟೇಜ್ ಅಂತಾರೆ. ಅದು ಮುಖ್ಯವಾಗಿ ನೋಡುವುದು ನೀರು ಎಷ್ಟಿದೆ, ರಕ್ತ ಕೊಟ್ಟವನ ಮೂತ್ರಕೋಶ ಕಾಣುತ್ತದೆಯೇ, ಹೊಕ್ಕುಳಬಳ್ಳಿಯಂಥ ನಾಳಗಳಲ್ಲಿ ರಕ್ತದ ಹರಿವು ಹೇಗಿದೆ, ಮೈಯಲ್ಲಿ ನೀರು ತುಂಬಿದೆಯೇ ಅಂತ. ಹೃದಯದ ಗೋಡೆ ದಪ್ಪ ಆಗಿದೆಯೇ ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಸ್ಟೇಜ್ 1ರಲ್ಲೇ ಕೆಲವರ ಹೃದಯದಲ್ಲಿ ಬದಲಾವಣೆ ಶುರುವಾಗಿರುತ್ತದೆ. ಇದನ್ನು ಬೈಯುವ ಹೃದಯ ತಜ್ಞರು ತುಂಬಾ ಜನ ಇದ್ದಾರೆ, ನನ್ನ ಪ್ರಕಾರ ಸರಿಯಾಗಿಯೇ ಬೈಯುತ್ತಾರೆ. ಅದಕ್ಕೇ ಒಂದೇ ಮಾಸಿನ ಅವಳಿಗಳಿಗೆ ಹೊಟ್ಟೆಯಲ್ಲಿರುವಾಗಲೇ ಒಮ್ಮೆ ಹೃದಯದ ಎಕೋ ಮಾಡಿಸಿ ಅಂತ ಹೇಳುವುದು.

ನಿಮ್ಮ ಮೊದಲ ಪ್ರಶ್ನೆಗೆ: ಗೋಡೆ ದಪ್ಪ ಆಗಿರುವುದು ಬಹಳ ಮಕ್ಕಳಲ್ಲಿ ಹೊರೆ ಇಳಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಕವಾಟದ ಮಾತು ಬೇರೆ. ಅದು ಇದ್ದ ಹಾಗೇ ಇರಬಹುದು, ಬಿಗಿ ಆಗಲೂಬಹುದು. ದಾವಣಗೆರೆ ಅಪ್ಪ ಹೇಳಿದ್ದು ನಿಜ, ಎಳೆ ಮಕ್ಕಳಲ್ಲಿ ಏರಿದರೆ ಬೇಗ ಏರುತ್ತದೆ. ಮೊದಲ ವರ್ಷ ತಪ್ಪಿಸಬೇಡಿ. ಇಬ್ಬರಿಗೂ ಎಕೋ ಮಾಡಿಸಿ, ಒಬ್ಬನಿಗಲ್ಲ.

ಬೆಣ್ಣೆದೋಸೆ_ಅಪ್ಪ
ನಾನು ದಾವಣಗೆರೆ ಅಂತ ಎಲ್ಲಿ ಹೇಳಿದೆ?

ಮ್ಯಾಂಚೆಸ್ಟರ್_ಮಳೆ
ಹೆಸರೇ ಹೇಳುತ್ತಿದೆಯಲ್ಲ ಸ್ವಾಮಿ. ಇಲ್ಲಿ ಕೂತು ಆ ಹೆಸರು ಓದಿದಾಗಲೆಲ್ಲ ಹಸಿವಾಗುತ್ತದೆ.

ಕಲಬುರ್ಗಿ_ಬಿಸಿಲು
ಪ್ರಯಾಣದ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ಅಕ್ಕಾರೆ, ಹಾಸನದಿಂದ ಬೆಂಗಳೂರೇ ಯಾಕೆ? ಮೈಸೂರು ಹತ್ತಿರ ಅಲ್ವಾ? ಜಯದೇವ ಆಸ್ಪತ್ರೆ ಬೆಂಗಳೂರಲ್ಲಷ್ಟೇ ಅಲ್ಲ, ಮೈಸೂರಲ್ಲೂ ಇದೆ, ನಮ್ಮ ಕಲಬುರಗಿಯಲ್ಲೂ ಇದೆ. ಮೊದಲು ಫೋನ್ ಮಾಡಿ, ಎಳೆ ಮಕ್ಕಳ ಎಕೋ ನೋಡುವ ಡಾಕ್ಟರ್ ಯಾವ ದಿನ ಇರುತ್ತಾರೆ ಅಂತ ಕೇಳಿಕೊಂಡು ಹೋಗಿ. ದೊಡ್ಡವರ ಎಕೋ ಮಾಡುವವರು ಎರಡು ಕೆಜಿ ಮಗುವನ್ನು ನೋಡಿದರೆ ಅವರೇ ಗಾಬರಿ ಆಗುತ್ತಾರೆ, ನಮಗೆ ಅನುಭವ ಆಗಿದೆ.

ಮತ್ತೊಂದು, ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ ವಿಭಾಗ ಕೇಳಿ. 2013ರಿಂದ ಇರುವ ಕೇಂದ್ರದ ಮಕ್ಕಳ ಆರೋಗ್ಯ ಯೋಜನೆ, ಹುಟ್ಟಿನಿಂದ 18 ವರ್ಷದವರೆಗೆ. ಹುಟ್ಟಿನಿಂದ ಬಂದ ಹೃದಯದ ತೊಂದರೆ ಆ ಪಟ್ಟಿಯಲ್ಲಿ ಇದೆ. ಮುಂದೆ ಬಲೂನ್ ಬೇಕಾದರೆ ಈಗಲೇ ಹೆಸರು ಬರೆಸಿ ಕಾಗದ ರೆಡಿ ಇಟ್ಟುಕೊಳ್ಳಿ. ರೇಷನ್ ಕಾರ್ಡು, ಆಧಾರ್, ಡಿಸ್ಚಾರ್ಜ್ ಸಮ್ಮರಿ, ಎಲ್ಲದರ ಐದೈದು ಜೆರಾಕ್ಸ್. ಐದು ಅಂದರೆ ಐದೇ. ನಾಲ್ಕು ತಂದರೆ ಐದನೆಯದು ಕೇಳುತ್ತಾರೆ.

ರಾತ್ರಿಪಾಳಿ
ಕಣ್ಣು ತೋರಿಸಿದ್ದೀರಾ? 30 ವಾರಕ್ಕೆ ಹುಟ್ಟಿದವರಿಗೆ ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳಿಗೆ ಬರುವ ಕಣ್ಣಿನ ಪರದೆಯ ತೊಂದರೆ) ಪರೀಕ್ಷೆ ಹುಟ್ಟಿ 30 ದಿನದ ಒಳಗೆ ಶುರುವಾಗಬೇಕು. ಹೃದಯದ ಗಲಾಟೆಯಲ್ಲಿ ಕಣ್ಣು ಮರೆತವರು ಇದ್ದಾರೆ.

ಹಾಸನದ_ಅವಳಿ_ಅಮ್ಮ
ಎನ್‌ಐಸಿಯುನಲ್ಲೇ ಮೂರು ಸಲ ಆಯಿತು ಸಿಸ್ಟರ್, ಇನ್ನೊಂದು ಸಲ ಬರಲು ಹೇಳಿದ್ದಾರೆ. ಮನೆಯಲ್ಲಿ ಏನು ನೋಡುತ್ತಿರಬೇಕು? ಇಬ್ಬರೂ ಉಸಿರಾಡುವುದನ್ನು ನೋಡುತ್ತಾ ಕೂತರೆ ಬೆಳಗಾಗುತ್ತದೆ.

ರಾತ್ರಿಪಾಳಿ
ಅಷ್ಟು ಕೂರಬೇಡಿ, ನೀವೂ ಬಾಣಂತಿ. ಹಾಲು ಕುಡಿಯುವಾಗ ಹಣೆ ಬೆವರುವುದು, ನಾಲ್ಕು ಗುಟುಕಿಗೆ ಸುಸ್ತಾಗಿ ಬಿಡುವುದು, ಮಲಗಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು, ಪಕ್ಕೆ ಒಳಕ್ಕೆ ಎಳೆಯುವುದು, ತುಟಿ ನಾಲಿಗೆ ನೀಲಿ. ಇದರಲ್ಲಿ ಒಂದು ಕಂಡರೂ ಮುಂದಿನ ತಾರೀಕಿಗೆ ಕಾಯಬೇಡಿ, ಅವತ್ತೇ ಹೋಗಿ. ಇನ್ನೊಂದು, ತೂಕ ಏಕ್‌ದಂ ಏರಿದರೆ ಮನೆಯವರು ಖುಷಿ ಪಡುತ್ತಾರೆ. ಮೈಯಲ್ಲಿ ನೀರು ನಿಂತರೂ ತೂಕ ಏರುತ್ತದೆ. ಕಣ್ಣುರೆಪ್ಪೆ ಊದಿದೆಯಾ ನೋಡಿ.

ಲಸಿಕೆ ಹುಟ್ಟಿದ ತಾರೀಕಿನ ಲೆಕ್ಕದಲ್ಲೇ ಹಾಕಿಸಿ, "ಎರಡು ತಿಂಗಳು ಬೇಗ ಹುಟ್ಟಿದೆ, ತಡವಾಗಿ ಹಾಕೋಣ" ಅನ್ನುವವರ ಮಾತು ಕೇಳಬೇಡಿ.

ಹಾಸನದ_ಅವಳಿ_ಅಮ್ಮ
ದೊಡ್ಡವನಿಗೆ ದಿನಕ್ಕೆ ಮೂರು ಸಲ ಹೃದಯದ ಹನಿ ಔಷಧಿ ಇದೆ. ನಿನ್ನೆ ರಾತ್ರಿ ಒಂದು ಆಗಿಹೋಯಿತು. ನಾನು ಕೊಟ್ಟೆ, ಅರ್ಧ ಗಂಟೆ ಬಿಟ್ಟು ಯಜಮಾನರೂ ಕೊಡಲು ಎತ್ತಿಕೊಂಡರು. ಅದೂ ಯಾರನ್ನು? ಚಿಕ್ಕವನನ್ನು! ಬಾಯಿಗೆ ಹಾಕುವಷ್ಟರಲ್ಲಿ ನೋಡಿದೆ. ಇಬ್ಬರೂ ಒಂದೇ ಥರ ಟೋಪಿ, ಒಂದೇ ಥರ ಸ್ವೆಟರ್, ನಮ್ಮ ತಾಯಿ ಹೆಣೆದದ್ದು.

ಬೆಣ್ಣೆದೋಸೆ_ಅಪ್ಪ
ಉಗುರು ಬಣ್ಣ! ದೊಡ್ಡವನ ಕಾಲಿನ ಹೆಬ್ಬೆರಳಿಗೆ ನೈಲ್ ಪಾಲಿಶ್ ಹಚ್ಚಿ. ಕೈಗೆ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾನೆ. ನಾವು ಒಂದು ವರ್ಷ ಹಾಗೇ ಮಾಡಿದೆವು. ಬಾಗಿಲಿಗೆ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿ, ಕೊಟ್ಟವರು ಟಿಕ್ ಹಾಕಿ ಸಮಯ ಬರೆಯಬೇಕು. ಟಿಕ್ ಇಲ್ಲ ಅಂದರೆ ಕೊಟ್ಟಿಲ್ಲ, ವಾದ ಇಲ್ಲ.

ರಾತ್ರಿಪಾಳಿ
ಒಳ್ಳೆಯ ಐಡಿಯಾ. ಒಂದು ಸೇರಿಸುತ್ತೇನೆ: ಎಕೋಗೆ ಹೋಗುವ ದಿನ ಬಣ್ಣ ಅಳಿಸಿ. ಆಕ್ಸಿಜನ್ ನೋಡುವ ಯಂತ್ರವನ್ನು ಕಾಲಿಗೆ ಕಟ್ಟಿದರೆ ಬಣ್ಣ ಅಡ್ಡ ಬರಬಹುದು. ಮತ್ತೆ ಯಾವತ್ತಾದರೂ ಎರಡು ಸಲ ಹೊಟ್ಟೆಗೆ ಹೋಗೇಬಿಟ್ಟರೆ, ನಾಚಿಕೆ ಪಡದೆ ತಕ್ಷಣ ಡಾಕ್ಟರಿಗೆ ಫೋನ್.

ಅಜ್ಜಿಮದ್ದು
ಒಂದೇ ಥರ ಬಟ್ಟೆ ಹಾಕಿದರೆ ದೃಷ್ಟಿ ಆಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಈಗ ನೀವೆಲ್ಲ ಅದನ್ನೇ ಹೇಳುತ್ತಿದ್ದೀರಿ, ಬೇರೆ ಕಾರಣ ಕೊಟ್ಟು.

ಕುಡ್ಲದ_ಮೀನು
@ಅಜ್ಜಿಮದ್ದು ಈ ಸಲ ಪಾಯಿಂಟ್ ನಿಮಗೆ.

ಗಣಿತ_ಮೇಷ್ಟ್ರು
ತಂಗಿಯ ರಿಪೋರ್ಟ್ ನೋಡಿದೆ. "ಡೈಕೊರಿಯಾನಿಕ್" ಅಂತ ಇದೆ. ಎರಡು ಮಾಸು. ಎಲ್ಲರಿಗೂ ಥ್ಯಾಂಕ್ಸ್, ಇವತ್ತು ಊಟ ಸೇರಿತು.

ಹಾಸನದ_ಅವಳಿ_ಅಮ್ಮ
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಇಬ್ಬರನ್ನೂ ಕರೆದುಕೊಂಡು ಹೋಗಿ ಬಂದೆವು. ಅತ್ತೆ "ನಾನೂ ಬರುತ್ತೇನೆ, ದೊಡ್ಡವನನ್ನು ನಾನು ಎತ್ತಿಕೊಳ್ಳುತ್ತೇನೆ" ಅಂತ ಕಾರು ಹತ್ತಿದರು. ಚಿಕ್ಕವನ ಪಿಡಿಎ ಮುಚ್ಚಿದೆ. ದೊಡ್ಡವನ ಗೋಡೆ ಸ್ವಲ್ಪ ತೆಳುವಾಗಿದೆ, ಗ್ರೇಡಿಯಂಟ್ 33. ಏರಿದೆ, ಆದರೆ ಈಗಲೇ ಬಲೂನ್ ಬೇಡ, ಮೂರು ವಾರಕ್ಕೆ ಮತ್ತೆ ನೋಡೋಣ ಅಂದರು. 33 ಅಂದಾಗ ನನಗೆ ಕಾಲು ನಡುಗಿತು, ಅತ್ತೆ "28ರಿಂದ 33, ಐದು ಏರಿದೆ, ಮೂರು ವಾರ ಯಾಕೆ, ಎರಡು ವಾರಕ್ಕೆ ನೋಡಿ" ಅಂತ ಡಾಕ್ಟರಿಗೇ ಹೇಳಿದರು. ಡಾಕ್ಟರ್ ನಗುತ್ತಾ ಎರಡು ವಾರಕ್ಕೇ ತಾರೀಕು ಕೊಟ್ಟರು.

ಬೆಣ್ಣೆದೋಸೆ_ಅಪ್ಪ
ಅತ್ತೆಗೆ ಒಂದು ಬೆಣ್ಣೆದೋಸೆ ನನ್ನ ಲೆಕ್ಕದಲ್ಲಿ. ಪಾಲಿಶ್ ಯಾವ ಬಣ್ಣ ಹಚ್ಚಿದಿರಿ?

ಹಾಸನದ_ಅವಳಿ_ಅಮ್ಮ
ಕೆಂಪು. ಯಜಮಾನರಿಗೆ ಈಗ ಹೊಸ ಅನುಮಾನ: ಕೆಂಪು ಅಂದರೆ ಔಷಧಿ ಕೊಡಬೇಕಾದವನಾ, ಕೊಡಬಾರದವನಾ ಅಂತ.